ಸೋರುವ ಟ್ಯಾಂಕು ಮತ್ತು ಸಹಿ ಹಾಕುವ ಕೈ

‘ಲಾರಿ ಟ್ಯಾಂಕ್ ಸೋರಿದ್ರ ನಾವು ನೀರ್ ತುಂಬಿ ಬೆಸಿಗಿ ಹಾಕ್ತೀವಿ. ಹಳೇ ಇಮಾನದ ಟ್ಯಾಂಕ್ ಸೋರಿದ್ರ ನೀವೇನ್ ಮಾಡ್ತಿದ್ರಿ?’ ಹುಮನಾಬಾದಿನ ಹೆದ್ದಾರಿ ಬದಿಯ ವರ್ಕ್‌ಶಾಪುಗಳಲ್ಲಿ, ಬಸವಕಲ್ಯಾಣದ ಆಟೊ ನಗರದಲ್ಲಿ, ಮಾಣಿಕನಗರದಲ್ಲಿ ದತ್ತ ಜಯಂತಿಯ ಜಾತ್ರೆಗೆ ಬಂದವರ ನಡುವೆಯೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ವಿಮಾನಗಳ ಕೆಳಗೆ ಮಲಗಿ ಕೆಲಸ ಮಾಡಿದವನು ಎಂದು ಗೊತ್ತಾದ ಮೇಲೆ ಓದುಗರೂ ಅದನ್ನೇ ಬರೆದು ಕೇಳುತ್ತಾರೆ. ಬೀದರ್ ವಾಯುನೆಲೆಯ ಜೆಟ್‌ಗಳ ಸದ್ದು ಕೇಳುತ್ತ ಬೆಳೆದ ಸೀಮೆ ನಮ್ಮದು. ಇತ್ತ ಕಲಬುರಗಿಯಲ್ಲಿ ಈಗ ಪುಟ್ಟ ವಿಮಾನಗಳಲ್ಲಿ ಹಾರಾಟ ಕಲಿಸುತ್ತಾರೆ. ಕುತೂಹಲ ಹುಟ್ಟುವುದು ಸಹಜ. ಕೇಳುವವರಲ್ಲಿ ಹೆಚ್ಚಿನವರು ಕೈಗೆ ಎಣ್ಣೆ ಮೆತ್ತಿಕೊಂಡು ದುಡಿಯುವವರು, ಆದ್ದರಿಂದ ಅವರಿಗೆ ಒಪ್ಪುವ ಹಾಗೆ, ಕೆಲಸದ ಭಾಷೆಯಲ್ಲೇ ಹೇಳುತ್ತೇನೆ. ತೂತು ಮುಚ್ಚುವುದು ಈ ದುರಸ್ತಿಯ ತೀರ ಸಣ್ಣ ಭಾಗ. ತೂತು ಎಲ್ಲಿದೆ ಎಂದು ಕಂಡುಹಿಡಿಯುವುದು, ಟ್ಯಾಂಕನ್ನು ಬೆಂಕಿಗೆ ಅಂಜದ ಸ್ಥಿತಿಗೆ ತರುವುದು, ಮುಚ್ಚಿದ ಮೇಲೆ ಅದು ನಿಜವಾಗಿ ಮುಚ್ಚಿದೆ ಎಂದು ರುಜುವಾತು ಮಾಡುವುದು, ಈ ಮೂರರಲ್ಲೇ ಕಸುಬು ಇರುವುದು.

ಹಳೆಯ ಹಗುರ ವಿಮಾನ ಎಂದರೆ ಯಾವುದು? ನಮ್ಮ ರಾಜ್ಯದಲ್ಲಿ ಆ ಮಾತು ಬಂದರೆ ಮೊದಲು ನೆನಪಾಗುವುದು ಎಚ್‌ಟಿ-2. ಡಾ. ವಿ.ಎಂ. ಘಾಟಗೆ ಅವರ ತಂಡ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪಿಸಿದ, 1951ರಲ್ಲಿ ಮೊದಲ ಬಾರಿ ಹಾರಿದ, ಇಬ್ಬರು ಹಿಂದೆ ಮುಂದೆ ಕೂರುವ ಪೂರ್ಣ ಲೋಹದ ತರಬೇತಿ ವಿಮಾನ. ಸಿರಸ್ ಮೇಜರ್ ಎಂಜಿನ್ನು, 155 ಅಶ್ವಶಕ್ತಿ. ಬೀದರ್‌ನಲ್ಲಿ ಹಾರಾಟದ ಅಕ್ಷರಾಭ್ಯಾಸ ಮಾಡಿದ ಒಂದು ತಲೆಮಾರಿನ ಪೈಲಟ್‌ಗಳು ಅದರಲ್ಲೇ ಕಲಿತರು. ಇನ್ನೊಂದು ಪುಷ್ಪಕ್. 1958ರಲ್ಲಿ ಹಾರಿದ ಇದು ಎತ್ತರದ ರೆಕ್ಕೆಯ, ಬಟ್ಟೆ ಹೊದಿಸಿದ ಮೈಯ, 90 ಅಶ್ವಶಕ್ತಿಯ ಪುಟ್ಟ ವಿಮಾನ. ದೇಶದ ಹಾರಾಟ ಕ್ಲಬ್ಬುಗಳಿಗೆಂದೇ ಮಾಡಿದ್ದು. ಇವೆರಡಕ್ಕೂ ಹಿರಿಯಣ್ಣ ಟೈಗರ್ ಮಾತ್. 1931ರ ಬ್ರಿಟಿಷ್ ವಿನ್ಯಾಸ, ಎರಡು ಅಂತಸ್ತಿನ ರೆಕ್ಕೆ. ನಮ್ಮ ವಾಯುಪಡೆಯ ಪುರಾತನ ವಿಮಾನಗಳ ತಂಡ ಅದನ್ನು ಸಾರ್ವಜನಿಕರ ಮುಂದೆ ಹಾರಿಸಿ ತೋರಿಸಿದೆ.

ಟೈಗರ್ ಮಾತ್‌ನ ಟ್ಯಾಂಕು ಇರುವ ಜಾಗ ನೋಡಿದರೆ ಸಮಸ್ಯೆ ಅರ್ಥವಾಗುತ್ತದೆ. ಮೇಲಿನ ರೆಕ್ಕೆಯ ನಟ್ಟನಡುವೆ, ಪೈಲಟ್‌ಗಳ ತಲೆಗಿಂತ ಮೇಲೆ ಅದು ಕೂತಿದೆ. ಹಿಡಿಸುವುದು 19 ಬ್ರಿಟಿಷ್ ಗ್ಯಾಲನ್, ಅಂದರೆ ಸುಮಾರು 86 ಲೀಟರ್ ಪೆಟ್ರೋಲು. ಪಂಪ್ ಇಲ್ಲ. ಇಂಧನ ತನ್ನ ಭಾರಕ್ಕೆ ತಾನೇ ಎಂಜಿನ್ನಿಗೆ ಇಳಿಯುತ್ತದೆ. ಸರಳ, ನಂಬಿಗಸ್ತ ಏರ್ಪಾಡು. ಆದರೆ ಸೋರಿದರೆ ಹನಿ ಬೀಳುವುದು ಮನುಷ್ಯರು ಕೂತ ಕಡೆಗೆ, ಬಿಸಿ ಎಂಜಿನ್ನು ಇರುವ ಕಡೆಗೆ. ರಸ್ತೆಯಲ್ಲಿ ಡೀಸೆಲ್ ಸೋರಿದ ಲಾರಿಯನ್ನು ಬದಿಗೆ ನಿಲ್ಲಿಸಬಹುದು. ಮೂರು ಸಾವಿರ ಅಡಿಯ ಮೇಲೆ ಬದಿ ಎಂಬುದಿಲ್ಲ.

ಹಾಗಾದರೆ ಕೆಲಸ ಎಲ್ಲಿಂದ ಶುರು? ಕಣ್ಣಿನಿಂದ. ವಿಮಾನದ ಪೆಟ್ರೋಲಿಗೆ ಬಣ್ಣ ಹಾಕಿರುತ್ತಾರೆ. ಹಳೆಯ 80/87 ದರ್ಜೆಯದು ಕೆಂಪು, 100/130 ಹಸಿರು, ಇವತ್ತು ಚಾಲ್ತಿಯಲ್ಲಿರುವ 100ಎಲ್‌ಎಲ್ ನೀಲಿ. ಪೆಟ್ರೋಲು ಆರಿಹೋದರೂ ಬಣ್ಣ ಉಳಿಯುತ್ತದೆ. ರೆಕ್ಕೆಯ ಕೆಳಗೆ ನೀಲಿ ಕಲೆ ಕಂಡರೆ ಅಲ್ಲೊಂದು ದಾರಿ ಆಗಿದೆ ಎಂದರ್ಥ. ಆದರೆ ಕಲೆ ಕಂಡ ಜಾಗವೇ ತೂತಿನ ಜಾಗ ಎಂದು ನಂಬಬಾರದು. ಪೆಟ್ರೋಲು ಟ್ಯಾಂಕಿನ ಒಂದು ಮೂಲೆಯಲ್ಲಿ ಹೊರಬಂದು, ರೆಕ್ಕೆಯ ಒಳಗಿನ ಪಟ್ಟಿಯ ಗುಂಟ ಹರಿದು, ಎರಡು ಗೇಣು ಆಚೆ ಒಂದು ರಿವೆಟ್ಟಿನ ಬಳಿ ಹನಿಯಾಗಿ ಇಳಿಯಬಹುದು. ಅದಕ್ಕೇ ಮೊದಲು ಎಲ್ಲವನ್ನೂ ಒರೆಸಿ ಒಣಗಿಸಿ, ಮೇಲೆ ಟಾಲ್ಕ್ ಪುಡಿ ಉದುರಿಸಿ ಕಾಯುತ್ತೇವೆ. ಒದ್ದೆಯ ಗೆರೆ ಪುಡಿಯ ಮೇಲೆ ತಾನಾಗಿಯೇ ದಾರಿ ಬರೆದು ತೋರಿಸುತ್ತದೆ.

ಇದಕ್ಕೊಂದು ಅಳತೆಯೂ ಇದೆ. ಒರೆಸಿದ 30 ನಿಮಿಷದಲ್ಲಿ ಎಷ್ಟು ಅಗಲ ಒದ್ದೆಯಾಯಿತು ಎಂದು ನೋಡಬೇಕು. ಮುಕ್ಕಾಲು ಇಂಚಿನ ಒಳಗಿದ್ದರೆ ಕಲೆ, ಒಂದೂವರೆ ಇಂಚಿನವರೆಗೆ ಜಿನುಗು, ನಾಲ್ಕು ಇಂಚಿನವರೆಗೆ ಭಾರಿ ಜಿನುಗು, ಅದನ್ನೂ ಮೀರಿ ಹನಿ ಹರಿದರೆ ಓಡುವ ಸೋರಿಕೆ. ಗಾಳಿಯಾಡುವ ಹೊರಮೈಯಲ್ಲಿ ಸಣ್ಣ ಕಲೆ ಕಂಡರೆ ಬರೆದಿಟ್ಟು, ಕಣ್ಣಿಟ್ಟು, ಮುಂದಿನ ತಪಾಸಣೆಯವರೆಗೆ ಹಾರಿಸಲು ಅವಕಾಶ ಇರಬಹುದು. ಹರಿಯುವ ಸೋರಿಕೆಗೆ, ಮತ್ತು ಆವಿ ಕಟ್ಟಿಕೊಳ್ಳುವ ಮುಚ್ಚಿದ ಜಾಗದೊಳಗಿನ ಯಾವುದೇ ಸೋರಿಕೆಗೆ, ಆ ರಿಯಾಯಿತಿ ಇಲ್ಲ. ವಿಮಾನ ನೆಲದ ಮೇಲೇ ಇರಬೇಕು.

ಇನ್ನೊಂದು ಮಾತನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ. ಟ್ಯಾಂಕನ್ನು ದೂರುವ ಮೊದಲು ಅದರ ನೆಂಟರನ್ನೆಲ್ಲ ವಿಚಾರಿಸಿ. ಮುಚ್ಚಳದ ರಬ್ಬರ್ ಉಂಗುರ ಸವೆದಿರಬಹುದು, ನಲ್ಲಿ ಸಡಿಲವಾಗಿರಬಹುದು, ಇಂಧನದ ಮಟ್ಟ ಅಳೆಯುವ ಸಾಧನದ ಕೆಳಗಿನ ಗ್ಯಾಸ್ಕೆಟ್ ಒಣಗಿ ಬಿರಿದಿರಬಹುದು, ರಬ್ಬರ್ ಕೊಳವೆ ಗಡುಸಾಗಿರಬಹುದು. ನೂರು ರೂಪಾಯಿಯ ಉಂಗುರದ ತಪ್ಪಿಗೆ ಬಟ್ಟೆ ಹೊದಿಸಿದ ರೆಕ್ಕೆಯನ್ನು ಕೊಯ್ದು ಟ್ಯಾಂಕು ಇಳಿಸಿದರೆ, ಆ ಬಟ್ಟೆಯನ್ನು ಮತ್ತೆ ಹೊಲಿದು, ಡೋಪ್ ಎಂಬ ಲೇಪ ಬಳಿದು, ಬಿಗಿಗೊಳಿಸುವ ಕೆಲಸವೇ ವಾರಗಳನ್ನು ತಿನ್ನುತ್ತದೆ.

ಟ್ಯಾಂಕೇ ತಪ್ಪಿತಸ್ಥ ಎಂದು ಖಚಿತವಾದ ಮೇಲೆ ಬರುವುದು ಎಲ್ಲಕ್ಕಿಂತ ಅಪಾಯದ ಹಂತ: ಖಾಲಿ ಮಾಡುವುದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ ಎಂಬುದನ್ನು ಲಾರಿ ಮೇಸ್ತ್ರಿಗಳು ಬಲ್ಲರು. ಲೆಕ್ಕ ಇಲ್ಲಿದೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಿಂದ 7.6ರ ನಡುವೆ ಇದ್ದಾಗ ಕಿಡಿ ತಾಗಿದರೆ ಸ್ಫೋಟ. ಟೈಗರ್ ಮಾತ್‌ನ 86 ಲೀಟರ್ ಟ್ಯಾಂಕಿನ ಗಾಳಿಯನ್ನು ಆ ಮಟ್ಟಕ್ಕೆ ತರಲು ಒಂದೆರಡು ಚಹಾ ಚಮಚೆಯಷ್ಟು ಪೆಟ್ರೋಲು ಸಾಕು. ಅಷ್ಟು ಪೆಟ್ರೋಲು ಯಾವ ಖಾಲಿ ಟ್ಯಾಂಕಿನ ಮೂಲೆಯಲ್ಲೂ, ಹೊಲಿಗೆಯ ಸಂದಿಯಲ್ಲೂ ಉಳಿದೇ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ. ನೆಲದ ಗುಂಟ ಹರಿದು, ಆಚೆ ಕೋಣೆಯ ಸ್ವಿಚ್ಚಿನ ತನಕ ಹೋಗಬಲ್ಲದು.

ಹೀಗಾಗಿ ಬಯಲಲ್ಲಿ ಅಥವಾ ಚೆನ್ನಾಗಿ ಗಾಳಿಯಾಡುವ ಕಡೆ, ಬ್ಯಾಟರಿ ಕಳಚಿ, ವಿಮಾನಕ್ಕೂ ಪೆಟ್ರೋಲು ಹಿಡಿಯುವ ಡಬ್ಬಿಗೂ ತಂತಿ ಜೋಡಿಸಿ, ಆ ತಂತಿಯನ್ನು ನೆಲಕ್ಕೆ ಇಳಿಸಿ, ಆಮೇಲೆ ಇಂಧನ ಇಳಿಸುತ್ತೇವೆ. ನಮ್ಮ ಸೀಮೆಯ ಒಣ ಬೇಸಿಗೆಯಲ್ಲಿ ಈ ತಂತಿ ಮರೆಯುವಂತಿಲ್ಲ. ಹರಿಯುವ ಪೆಟ್ರೋಲು ತಾನೇ ವಿದ್ಯುತ್ತನ್ನು ಹೊತ್ತುಕೊಳ್ಳುತ್ತದೆ, ಒಣ ಹವೆಯಲ್ಲಿ ಅದು ಇಳಿದುಹೋಗಲು ದಾರಿ ಸಿಗುವುದಿಲ್ಲ. ಬಳಿಕ ಟ್ಯಾಂಕನ್ನು ಸಾಬೂನಿನ ಬಿಸಿ ನೀರಿನಿಂದ ತೊಳೆದು, ಕೈಪಿಡಿ ಹೇಳಿದಷ್ಟು ಹೊತ್ತು ಹಬೆ ಹಾಯಿಸುತ್ತೇವೆ. ಹಬೆ ಕೆಳಗಿನಿಂದ ಹೊಕ್ಕು ಮೇಲಿನಿಂದ ಹೊರಡಬೇಕು. ಆವಿ ಅಳೆಯುವ ಮಾಪಕ ಸೊನ್ನೆ ತೋರಿಸಿದ ಮೇಲೆಯೇ ಬೆಂಕಿಯ ಮಾತು. ಮೂಗಿಗೆ ವಾಸನೆ ಬರುತ್ತಿಲ್ಲ ಎನ್ನುವುದು ಪುರಾವೆ ಅಲ್ಲ.

ನೀರು ತುಂಬಿ ಬೆಸುಗೆ ಹಾಕುವ ಲಾರಿ ಪದ್ಧತಿಯನ್ನು ಇಲ್ಲಿ ಯಾಕೆ ಬಳಸುವುದಿಲ್ಲ? ಅದರ ಹಿಂದಿನ ಬುದ್ಧಿ ಸರಿಯಾದದ್ದೇ: ನೀರು ಆವಿಯ ಜಾಗವನ್ನು ಕಿತ್ತುಕೊಳ್ಳುತ್ತದೆ. ಆದರೆ ನೀರಿಗೆ ತಾಗಿದ ತೆಳು ತಗಡು ಬೆಸುಗೆಯ ಕಾವನ್ನು ಹೀರಿ ಬೆಸುಗೆಯನ್ನು ಕೆಡಿಸುತ್ತದೆ. ನೀರಿನ ಮೇಲೆ ಉಳಿದ ಸಣ್ಣ ಪೊಳ್ಳಿನಲ್ಲಿ ಆವಿ ಉಳಿದಿದ್ದರೆ ಅಪಾಯ ಹಾಗೇ ಇರುತ್ತದೆ. ಸಂದಿಯಲ್ಲಿ ಕೂತ ನೀರು ಮುಂದೆ ತುಕ್ಕಾಗುತ್ತದೆ ಅಥವಾ ಹಾರಾಟದ ನಡುವೆ ಕಾರ್ಬುರೇಟರಿಗೆ ಹೋಗಿ ಎಂಜಿನ್ನನ್ನು ಕೆಮ್ಮಿಸುತ್ತದೆ.

ಈಗ ತೂತು ಹುಡುಕುವ ಪರೀಕ್ಷೆ. ಟ್ಯಾಂಕಿನ ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಹೊಲಿಗೆಗಳ ಮೇಲೆ ಸಾಬೂನಿನ ನೀರು ಬಳಿದರೆ ಗುಳ್ಳೆ ಏಳುತ್ತದೆ. ಟ್ಯೂಬ್ ಪಂಚರ್ ಹುಡುಕುವುದನ್ನು ಕಂಡವರಿಗೆ ಹೊಸದೇನಲ್ಲ. ಹೊಸದಿರುವುದು ಒತ್ತಡದಲ್ಲಿ. ಲೋಹದ ವಿಮಾನ ಟ್ಯಾಂಕುಗಳ ವಿನ್ಯಾಸ ಪರೀಕ್ಷೆಗೆ ಗೊತ್ತುಮಾಡಿದ ಒತ್ತಡವೇ 3.5 ಪಿಎಸ್‌ಐ. ಲಾರಿ ಟಯರಿಗೆ ನೂರರ ಆಜುಬಾಜು ಹಾಕುತ್ತಾರೆ. ಮೂರೂವರೆ ಎಂದರೆ ಏನೂ ಅಲ್ಲ ಅನಿಸಬಹುದು. ಒಂದು ಅಡಿ ಅಗಲ, ಎರಡು ಅಡಿ ಉದ್ದದ ಟ್ಯಾಂಕಿನ ಒಂದು ಪಕ್ಕವನ್ನು ತೆಗೆದುಕೊಳ್ಳಿ. 3.5 ಪಿಎಸ್‌ಐಯಲ್ಲಿ ಆ ಒಂದು ತಗಡಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕೂವರೆ ಕ್ವಿಂಟಲ್. ಟ್ಯಾಂಕಿನಲ್ಲಿ ಒಂದು ಅಡಿ ಆಳ ಪೆಟ್ರೋಲು ನಿಂತಾಗ ತಳದ ಮೇಲಿನ ಒತ್ತಡ ಇದರ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಟಯರ್ ಅಂಗಡಿಯ ಕಂಪ್ರೆಸರನ್ನು ನೇರ ಜೋಡಿಸಿದರೆ ಟ್ಯಾಂಕು ಉಬ್ಬಿ, ಇದ್ದ ಒಂದು ತೂತಿನ ಜತೆ ಹತ್ತು ಹೊಸ ತೂತು ಬರುತ್ತವೆ. ಆದ್ದರಿಂದ ಒತ್ತಡ ನಿಯಂತ್ರಕ ಬೇಕು, ತೂತು ಹುಡುಕುವುದಕ್ಕೆ ಆದಷ್ಟು ಕಡಿಮೆ ಗಾಳಿ ಬೇಕು, ಪಕ್ಕದಲ್ಲಿ ನೀರು ತುಂಬಿದ ಯು ಆಕಾರದ ಕೊಳವೆ ಇದ್ದರೆ ಇನ್ನೂ ಒಳ್ಳೆಯದು. ಒತ್ತಡ ಮೀರಿದರೆ ನೀರು ಚಿಮ್ಮಿ ತಾನೇ ದಾರಿ ಬಿಡುತ್ತದೆ.

ಗುಳ್ಳೆ ಎದ್ದ ಜಾಗ ಯಾಕೆ ಒಡೆಯಿತು ಎಂದು ಕೇಳದೆ ಮುಂದೆ ಹೋಗಬಾರದು. ಟ್ಯಾಂಕನ್ನು ಕಟ್ಟಿಹಿಡಿದ ಪಟ್ಟಿಯ ಬಳಿ ಸೀಳಿದ್ದರೆ ಅದು ಕಂಪನದ ಕೆಲಸ. ಪಟ್ಟಿಯ ಕೆಳಗಿನ ಉಣ್ಣೆ ಮೆತ್ತೆ ನೀರು ಹೀರಿ ಕೂತಿದ್ದರೆ ಹೊರಗಿನಿಂದ ಕೊರೆದ ತುಕ್ಕು. ತಳದಲ್ಲಿ ಸಣ್ಣ ಸಣ್ಣ ಕುಳಿಗಳಿದ್ದರೆ ವರ್ಷಗಟ್ಟಲೆ ನಿಂತ ನೀರಿನದು. ಒಳಗಿನ ಅಡ್ಡಗೋಡೆ ಜೋಡಿಸಿದ ಕಡೆ ಬಿರುಕಿದ್ದರೆ ಪೆಟ್ರೋಲು ಅಲುಗಾಡಿ ಹೊಡೆದ ಪೆಟ್ಟಿನದು. ಕಾರಣ ಉಳಿಸಿಕೊಂಡು ತೂತು ಮಾತ್ರ ಮುಚ್ಚಿದರೆ, ಪಕ್ಕದಲ್ಲೇ ಇನ್ನೊಂದು ತೆರೆಯುತ್ತದೆ.

ಮುಚ್ಚುವ ವಿಧಾನ ಲೋಹದ ಮೇಲೆ ನಿಂತಿದೆ. ಹಳೆಯ ಟ್ಯಾಂಕುಗಳಲ್ಲಿ ಹಲವು ತವರ ಅಥವಾ ಸೀಸ-ತವರ ಲೇಪಿಸಿದ ಉಕ್ಕಿನ ತಗಡಿನವು. ಅಂಚುಗಳನ್ನು ಮಡಚಿ, ರಿವೆಟ್ ಹೊಡೆದು, ಸೀಸದ ಬೆಸುಗೆ ಹರಿಸಿರುತ್ತಾರೆ. ಬಲ ಕೊಡುವುದು ರಿವೆಟ್ಟು, ಸೋರದಂತೆ ತಡೆಯುವುದು ಬೆಸುಗೆ. ಅಲ್ಲಿ ಹಳೆಯ ಬೆಸುಗೆ ತೆಗೆದು, ಲೋಹ ಹೊಳೆಯುವ ತನಕ ಉಜ್ಜಿ, ಕಾಯಿಸಿದ ತಾಮ್ರದ ಬೆಸುಗೆ ಕೋಲಿನಿಂದ ಹೊಸದು ಹರಿಸಬೇಕು. ಅಲ್ಯುಮಿನಿಯಂ ಟ್ಯಾಂಕಾದರೆ ಬಿರುಕಿನ ಎರಡೂ ತುದಿಗೆ ಸಣ್ಣ ರಂಧ್ರ ಕೊರೆದು ಅದರ ಓಟ ನಿಲ್ಲಿಸಿ, ಅದೇ ಜಾತಿಯ ಲೋಹದಿಂದ ಬೆಸೆಯುತ್ತಾರೆ. ಗ್ಯಾಸ್ ಬೆಸುಗೆಯಲ್ಲಿ ಬಳಸುವ ಫ್ಲಕ್ಸ್ ಉಳಿದುಬಿಟ್ಟರೆ ಅದೇ ಅಲ್ಯುಮಿನಿಯಂನ್ನು ತಿನ್ನುತ್ತದೆ. ಅದಕ್ಕೇ ಬಿಸಿ ನೀರಲ್ಲಿ ತೊಳೆದು, ಶೇ 5ರ ನೈಟ್ರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲದ ದ್ರಾವಣ ತುಂಬಿಟ್ಟು, ಮತ್ತೆ ಶುದ್ಧ ನೀರಲ್ಲಿ ಜಾಲಿಸುತ್ತಾರೆ. ಕೊನೆಯ ತೊಳೆದ ನೀರಿಗೆ ಆಮ್ಲ ಬೆರೆಸಿದ ಸಿಲ್ವರ್ ನೈಟ್ರೇಟ್ ಹನಿಸಿದಾಗ ಬೆಳ್ಳಗೆ ಗಷ್ಟು ಕಟ್ಟಿದರೆ ಫ್ಲಕ್ಸ್ ಇನ್ನೂ ಇದೆ, ಮತ್ತೆ ತೊಳೆಯಬೇಕು. ಪಿಯುಸಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕ್ಲೋರೈಡ್ ಪತ್ತೆ ಮಾಡುವ ಪರೀಕ್ಷೆಯೇ ಇದು. ಅಲ್ಲಿ ಅಂಕ ಕೊಡುವ ಪ್ರಯೋಗ ಇಲ್ಲಿ ಪ್ರಾಣ ಕಾಯುತ್ತದೆ ಎಂದು ನಮ್ಮ ಹುಡುಗರಿಗೆ ಮೇಷ್ಟ್ರು ಹೇಳಬೇಕು ಎಂದು ನನಗೆ ಬಹಳ ಆಸೆ.

ಮೂರನೆಯ ಬಗೆಯಲ್ಲಿ ಬೇರೆ ಟ್ಯಾಂಕೇ ಇಲ್ಲ. ಇತ್ತೀಚಿನ ಸೆಸ್ನಾ 172ರಂಥ ವಿಮಾನಗಳಲ್ಲಿ ರೆಕ್ಕೆಯ ಪೊಳ್ಳೇ ಟ್ಯಾಂಕು. ರಿವೆಟ್ಟುಗಳ ಸಾಲಿಗೆ ಒಳಗಿನಿಂದ ಪಾಲಿಸಲ್ಫೈಡ್ ಎಂಬ ರಬ್ಬರಿನಂಥ ಮುದ್ದೆ ಮೆತ್ತಿರುತ್ತಾರೆ. ಅದು ವಯಸ್ಸಾಗಿ ಬಿಟ್ಟುಕೊಂಡರೆ ಸೋರಿಕೆ. ಹೊರಗಿನಿಂದ ಮೆತ್ತಿದರೆ ಒಳಗಿನ ಪೆಟ್ರೋಲಿನ ಒತ್ತಡ ಅದನ್ನು ತಳ್ಳಿ ಕೀಳುತ್ತಲೇ ಇರುತ್ತದೆ. ಒಳಗಿನಿಂದ ಮೆತ್ತಿದರೆ ಅದೇ ಒತ್ತಡ ಅದನ್ನು ಲೋಹಕ್ಕೆ ಒತ್ತಿ ಹಿಡಿಯುತ್ತದೆ. ಆದ್ದರಿಂದ ಕಿರುಬಾಗಿಲು ತೆಗೆದು, ಒಳಗೆ ಕೈ ಹಾಕಿ, ಹಳೆಯದನ್ನು ಪ್ಲಾಸ್ಟಿಕ್ ಉಳಿಯಿಂದ ಕೆರೆದು, ದ್ರಾವಕದಿಂದ ಒರೆಸಿ, ಹೊಸದು ಮೆತ್ತಬೇಕು. ಉಕ್ಕಿನ ಉಳಿ ಹಚ್ಚಿದರೆ ಅಲ್ಯುಮಿನಿಯಂ ಮೇಲೆ ಗೀರು ಬಿದ್ದು ಮುಂದಿನ ಬಿರುಕಿಗೆ ಅದೇ ಬೀಜ.

ಇಲ್ಲಿ ನಮ್ಮ ಬಿಸಿಲು ತನ್ನ ಲೆಕ್ಕ ಒಪ್ಪಿಸುತ್ತದೆ. ಆ ಮುದ್ದೆಯ ಡಬ್ಬಿಯ ಮೇಲೆ ಬಿ-2 ಎಂದಿದ್ದರೆ, ಕಲಸಿದ ಮೇಲೆ ಎರಡು ಗಂಟೆ ಅದು ಕೆಲಸಕ್ಕೆ ಬರುತ್ತದೆ ಎಂದರ್ಥ. ಆದರೆ ಆ ಮಾತು 25 ಡಿಗ್ರಿ ಸೆಲ್ಸಿಯಸ್‌ಗೆ. ಉಷ್ಣತೆ ಐದೂವರೆ ಡಿಗ್ರಿ ಏರಿದಾಗೊಮ್ಮೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಬೀದರ್ ಜಿಲ್ಲೆಯ ಮೇ ತಿಂಗಳ 41 ಡಿಗ್ರಿಯ ಮಧ್ಯಾಹ್ನ ಅದು ಕಾಲು ಗಂಟೆ. ಪರದೇಶದ ಕೈಪಿಡಿಯನ್ನು ಅಕ್ಷರಶಃ ನಂಬಿ ಎರಡು ಗಂಟೆಯ ಕೆಲಸ ಹಾಕಿಕೊಂಡರೆ ಮುದ್ದೆ ಕೈಯಲ್ಲೇ ಕಲ್ಲಾಗುತ್ತದೆ. ಬೆಳಗಿನ ಜಾವದ ತಂಪಿನಲ್ಲಿ, ಬೇಕಾದಷ್ಟೇ ಕಲಸಿ ಮಾಡುವುದು ಇಲ್ಲಿನವರು ಕಲಿತುಕೊಳ್ಳಬೇಕಾದ ವಿವೇಕ.

ಸುಲಭದ ದಾರಿ ಇಲ್ಲವೇ ಎಂದು ಕೇಳುವವರಿಗೆ ಒಂದು ಎಚ್ಚರಿಕೆ. ಟ್ಯಾಂಕಿನೊಳಗೆ ದ್ರವ ಸುರಿದು, ಕುಲುಕಿ, ಎಲ್ಲ ಕಡೆ ಪೊರೆ ಕಟ್ಟಿಸುವ ಔಷಧ ಸಿಗುತ್ತದೆ. ಕೆಲವು ಕಡೆ ತಯಾರಕರೇ ಅದಕ್ಕೆ ಒಪ್ಪಿಗೆ ಕೊಟ್ಟಿದ್ದೂ ಉಂಟು. ಆದರೆ ಕೊಳೆ ಇದ್ದ ಲೋಹದ ಮೇಲೆ ಕಟ್ಟಿದ ಪೊರೆ ವರ್ಷಗಳ ಮೇಲೆ ಸುಲಿದು, ಇಂಧನ ಹೊರಡುವ ಬಾಯಿಯ ಜಾಲರಿಗೆ ಅಡ್ಡ ಕೂರುತ್ತದೆ. ಸೋರುತ್ತಿದ್ದ ಟ್ಯಾಂಕು ಈಗ ಪೆಟ್ರೋಲನ್ನೇ ಕೊಡದ ಟ್ಯಾಂಕು ಆಗುತ್ತದೆ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಇಂಥ ಹಳೆಯ ಲೇಪಗಳು, ಹಳೆಯ ರಬ್ಬರ್, ಹಳೆಯ ಬಿರಡೆಯ ತೇಲುಗಳು ಮೆತ್ತಗಾಗುತ್ತವೆ. ನಮ್ಮ ಬಂಕುಗಳಲ್ಲಿ ಈಗ ಶೇ 20ರವರೆಗೆ ಎಥನಾಲ್ ಇದೆ. ಬೈಕಿನ ಪೆಟ್ರೋಲು ಹಳೆಯ ವಿಮಾನಕ್ಕೆ ಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆಗೂ ಇದೇ ಉತ್ತರ. ವಿಮಾನದ ಪೆಟ್ರೋಲನ್ನು ದೇಶ ಬಹುಕಾಲ ಹೊರಗಿನಿಂದ ತರಿಸುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ಗುಜರಾತಿನ ಕೊಯಲಿ ಸಂಸ್ಕರಣಾಗಾರದಲ್ಲಿ 100ಎಲ್‌ಎಲ್ ತಯಾರಿಕೆ ಆರಂಭಿಸಿತು. ಹಾರಾಟ ಶಾಲೆಗಳಿಗೆ ಅದು ದೊಡ್ಡ ಆಸರೆ.

ದುರಸ್ತಿಯಾದ ಟ್ಯಾಂಕು ಮತ್ತೆ ಗಾಳಿಯ ಪರೀಕ್ಷೆಗೆ ನಿಲ್ಲುತ್ತದೆ. ಗೆದ್ದರೆ, ನೀರು ಹೀರದ ಮೆತ್ತೆಯ ಮೇಲೆ ತನ್ನ ಜಾಗಕ್ಕೆ ಮರಳುತ್ತದೆ. ಗಾಳಿಕೊಳವೆಯನ್ನು ಊದಿ ನೋಡಲೇಬೇಕು. ವಿಮಾನ ಬಿಚ್ಚಿಟ್ಟ ದಿನಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಆ ಸಣ್ಣ ಕೊಳವೆ ಬಹಳ ಇಷ್ಟ. ಅದು ಕಟ್ಟಿದರೆ ಒಳಗೆ ಗಾಳಿ ಬಾರದೆ ಪೆಟ್ರೋಲು ಇಳಿಯುವುದು ನಿಲ್ಲುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಇಂಧನ ತುಂಬುತ್ತ ಅಳತೆಯ ಮುಳ್ಳನ್ನು ಸರಿಪಡಿಸಿ, ಎಂಜಿನ್ನಿನ ಬಳಿ ಕೊಳವೆ ಕಳಚಿ ಹರಿವು ಅಳೆಯುತ್ತಾರೆ. ಭಾರಕ್ಕೇ ಇಳಿಯುವ ಏರ್ಪಾಡಿನಲ್ಲಿ, ನೆಲಬಿಡುವಾಗ ಎಂಜಿನ್ನು ಕುಡಿಯುವ ಪ್ರಮಾಣದ ಒಂದೂವರೆ ಪಟ್ಟು ಹರಿದುಬರಬೇಕು.

ಕೊನೆಯದು ಕಾಗದ. ಏನು ಸೋರಿತ್ತು, ಯಾಕೆ, ಯಾವ ಲೋಹ, ಯಾವ ಮುದ್ದೆ, ಯಾವ ಡಬ್ಬಿ, ಎಷ್ಟು ಒತ್ತಡದಲ್ಲಿ ಎಷ್ಟು ಹೊತ್ತು ಪರೀಕ್ಷೆ, ಎಲ್ಲವೂ ವಿಮಾನದ ದಾಖಲೆ ಪುಸ್ತಕಕ್ಕೆ ಹೋಗುತ್ತದೆ. ಕೆಳಗೆ ಸಹಿ. ನಾಗರಿಕ ವಿಮಾನವಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಪಡೆದ ಎಂಜಿನಿಯರ್ ಮಾತ್ರ ಆ ಸಹಿ ಹಾಕಬಹುದು. ಬಹಳ ಮಂದಿ ಇದನ್ನು ಸರ್ಕಾರಿ ಕಿರಿಕಿರಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷದ ನಂತರ ಅದೇ ಟ್ಯಾಂಕು ಬಿಚ್ಚುವ ಇನ್ನೊಬ್ಬನಿಗೆ ನಾವು ಬಿಟ್ಟುಹೋಗುವ ತಿಳಿವಳಿಕೆ ಅದು. ಹಳೆಯ ವಿಮಾನ ಬದುಕುವುದು ಎಷ್ಟು ತಗಡಿನಿಂದಲೋ ಅಷ್ಟೇ ಆ ಪುಸ್ತಕದಿಂದ.

ಆಟೊ ನಗರದಲ್ಲಿ ಕೆಲಸ ಮಾಡುವ ಹುಡುಗರ ಕೈಯನ್ನು ನಾನು ನೋಡಿದ್ದೇನೆ. ತೆಳು ತಗಡಿನ ಮೇಲೆ ಬೆಸುಗೆ ಓಡಿಸುವ ಅವರ ಹದ, ಸದ್ದು ಕೇಳಿ ಬಿರುಕು ಊಹಿಸುವ ಅವರ ಕಿವಿ, ಹ್ಯಾಂಗರಿನಲ್ಲಿ ಬಹುಕಾಲ ಪಳಗಿದವರಿಗೇನೂ ಕಡಿಮೆ ಇಲ್ಲ. ಕಡಿಮೆ ಇರುವುದು ಆ ಕೈಗೆ ಅಧಿಕಾರ ಕೊಡುವ ದಾರಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರಿಗೆ ವಿಮಾನ ನಿರ್ವಹಣೆಯ ಪರವಾನಗಿಯ ತರಬೇತಿ ತೆರೆದಿದೆ. ಒಂದು ಪಕ್ಕದಲ್ಲಿ ವಾಯುನೆಲೆ, ಇನ್ನೊಂದು ಪಕ್ಕದಲ್ಲಿ ಹಾರಾಟ ಶಾಲೆ ಇರುವ ಈ ಸೀಮೆಯಲ್ಲಿ ಅಂಥ ತರಬೇತಿಯ ಸಂಸ್ಥೆ ಒಂದಾದರೂ ಬರಬೇಕು. ಹುಮನಾಬಾದಿನ ಹುಡುಗ ಅದಕ್ಕಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಸಾಲ ಮಾಡಿಕೊಳ್ಳುವ ಪರಿಸ್ಥಿತಿ ಹೋಗಬೇಕು.

ಅದಕ್ಕೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ವಿಮಾನದ ಶಿಸ್ತಿನಿಂದ ಹೆದ್ದಾರಿಯ ವರ್ಕ್‌ಶಾಪು ಇವತ್ತೇ ತೆಗೆದುಕೊಳ್ಳಬಹುದಾದದ್ದು: ತೊಳೆಯದ, ಹಬೆ ಹಾಯಿಸದ, ಆವಿ ಅಳೆಯದ ಯಾವ ಟ್ಯಾಂಕಿಗೂ, ಯಾವ ಡ್ರಮ್ಮಿಗೂ ಬೆಂಕಿ ಹಚ್ಚದಿರುವುದು. ಹಬೆಯ ಒಂದು ಸಣ್ಣ ಬಾಯ್ಲರು, ಒಂದು ಆವಿ ಮಾಪಕ, ಒಂದು ಒತ್ತಡ ನಿಯಂತ್ರಕ, ಇವನ್ನು ಹತ್ತು ಅಂಗಡಿಯವರು ಕೂಡಿ ಕೊಂಡು ಹಂಚಿಕೊಂಡರೂ ಸಾಕು. ಗಿರಾಕಿ ಅವಸರ ಮಾಡಿದರೆ ‘ಇನ್ನೂ ಒಂದು ತಾಸು ನಿಲ್ಲ್ರಿ’ ಎನ್ನಿ. ಆ ತಾಸಿನ ಕೂಲಿಯನ್ನು ಬಿಲ್ಲಿಗೆ ಸೇರಿಸಿ, ಕೊಡುವ ಗಿರಾಕಿ ಅದನ್ನು ತಕರಾರಿಲ್ಲದೆ ಕೊಡಲಿ.